ನೆಟ್ಟಗೆ ನಿಂತು ತಿರುಗುವ ಗಾಳಿಯಂತ್ರ

ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಮೂರು ರೆಕ್ಕೆಯ ಗಾಳಿಯಂತ್ರಗಳನ್ನು ನೀವು ನೋಡಿರಬಹುದು. ಅವುಗಳ ಅಕ್ಷ ಹೆಚ್ಚುಕಡಿಮೆ ನೆಲಕ್ಕೆ ಸಮಾಂತರ. ಮಜ್ಜಿಗೆ ಕಡೆಯುವ ಕಡಗೋಲಿನಂತೆ ಅಕ್ಷ ನೆಟ್ಟಗಿದ್ದು, ಅದರ ಸುತ್ತ ರೆಕ್ಕೆಗಳು ತಿರುಗಿದರೆ ಅದು ಲಂಬಾಕ್ಷ ಗಾಳಿಯಂತ್ರ. ಇವುಗಳಲ್ಲಿ ಹೆಸರಾದದ್ದು ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಡಾರಿಯಸ್ 1920ರ ದಶಕದಲ್ಲಿ ರೂಪಿಸಿದ ಮಾದರಿ.

ಇದರ ಅನುಕೂಲಗಳು ಎರಡು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಯಂತ್ರವನ್ನು ಅತ್ತ ತಿರುಗಿಸಬೇಕಿಲ್ಲ. ಭಾರವಾದ ಜನರೇಟರನ್ನು ನೆಲದ ಮೇಲೇ ಇಡಬಹುದಾದ್ದರಿಂದ ಅದರ ರಿಪೇರಿಗೆ ಗೋಪುರ ಹತ್ತಬೇಕಿಲ್ಲ.

ಹಾಗಾದರೆ ಎಲ್ಲೆಡೆ ಇವೇ ಏಕಿಲ್ಲ? ಪ್ರತಿ ಸುತ್ತಿನಲ್ಲೂ ರೆಕ್ಕೆಯ ಮೇಲಿನ ಒತ್ತಡ ಏರಿಳಿಯುತ್ತದೆ. ಅತ್ತಿತ್ತ ಬಗ್ಗಿಸಿದ ತಂತಿ ತುಂಡಾಗುವಂತೆ ಲೋಹ ದಣಿಯುತ್ತದೆ. ಡಾರಿಯಸ್ ಯಂತ್ರ ಸಾಮಾನ್ಯವಾಗಿ ತಾನಾಗಿ ಹೊರಡದು. ಮೊದಲು ಮೋಟಾರಿನಿಂದ ತಿರುಗಿಸಬೇಕು. ದೊಡ್ಡ ಯಂತ್ರದಲ್ಲಿ ಬುಡದ ಬೇರಿಂಗ್ ಮೇಲೆ ಅಪಾರ ಭಾರ. ಕೆನಡಾದ ಕ್ಯುಬೆಕ್ ಪ್ರಾಂತದಲ್ಲಿ 1980ರ ದಶಕದಲ್ಲಿ ನಿಲ್ಲಿಸಿದ್ದ, 110 ಮೀಟರ್ ಎತ್ತರದ ‘ಎಯೋಲ್’ ಯಂತ್ರ ಈ ಬೇರಿಂಗ್ ಕೆಟ್ಟು 1993ರಲ್ಲಿ ನಿಂತುಹೋಯಿತು.

ಮನೆಯ ತಾರಸಿಗೆ ಇಂಥದೊಂದು ಚಿಕ್ಕ ಯಂತ್ರ ಕೊಳ್ಳುವ ಯೋಚನೆಯಿರುವ ಪೋಷಕರು ಒಂದು ಲೆಕ್ಕ ಗಮನಿಸಬೇಕು. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾದದ್ದು. ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲು! ಸೆಕೆಂಡಿಗೆ 10 ಮೀಟರ್ ವೇಗದಲ್ಲಿ 1000 ವಾಟ್ ಕೊಡುವ ಯಂತ್ರ, 5 ಮೀಟರ್ ವೇಗದಲ್ಲಿ ಸುಮಾರು 125 ವಾಟ್ ಕೊಟ್ಟೀತು. ಮರ, ಕಟ್ಟಡಗಳ ನಡುವೆ ಗಾಳಿ ಇನ್ನೂ ಮಂದ. ಆದ್ದರಿಂದ ಮಾರುವವರು ‘ಇಷ್ಟು ವಾಟ್’ ಎಂದಾಗ, ‘ಎಷ್ಟು ವೇಗದ ಗಾಳಿಗೆ?’ ಎಂದು ಕೇಳಿ. ಮಕ್ಕಳೇ, ಈ ಗುಣಾಕಾರವನ್ನು ನೀವೇ ಮಾಡಿ ಮನೆಯವರಿಗೆ ತೋರಿಸಿ.