ರೌಟರ್‌ನಲ್ಲಿ ಪೋರ್ಟ್ ಖಾಲಿಯಿಲ್ಲ, ಮುಂದೇನು?

ಮಳೆಗಾಲದಲ್ಲಿ ಸೆಂಟ್ರಲ್ ಲೈನ್ ಯಾವಾಗ ನಿಲ್ಲುತ್ತೋ ಗೊತ್ತಿಲ್ಲ, ಆಗ ಮನೆಯೇ ಆಫೀಸು. ಡೊಂಬಿವಲಿಯ ನಮ್ಮ ಫ್ಲ್ಯಾಟ್‌ನಲ್ಲಿ ನಾನು ಆನ್‌ಕಾಲ್, ಹೆಂಡತಿ ಒಳಕೋಣೆಯಲ್ಲಿ ಮೀಟಿಂಗು. ನಡುವೆ ಕಾಂಕ್ರೀಟ್ ಗೋಡೆ, ಸುತ್ತ ಹತ್ತಾರು ಮನೆಗಳ ವೈಫೈ. ಪ್ರೊಡಕ್ಷನ್ ಸರ್ವರ್ ಬಿದ್ದಾಗ ನಮ್ಮ ಕಾಲ್ ಕಟ್ ಆದ್ರೆ, ಅಲ್ಲಿ ಮಳೆ ಹೇಗಿದೆ ಅಂತ ಯಾರೂ ವಿಚಾರಿಸಲ್ಲ. ಹಾಗಾಗಿ ಕೆಲಸದ ಲ್ಯಾಪ್‌ಟಾಪ್‌ಗೆ ಕೇಬಲ್ಲೇ ಬೇಕು ಅನ್ನೋದು ನನ್ನ ಹಠ.

ಸಾಮಾನ್ಯ ರೌಟರ್‌ನಲ್ಲಿ ನಾಲ್ಕು ಲ್ಯಾನ್ ಪೋರ್ಟ್. ಎರಡು ಲ್ಯಾಪ್‌ಟಾಪ್, ಟಿವಿ, ಪ್ರಿಂಟರ್, ಅಲ್ಲಿಗೆ ಮುಗೀತು. ಇನ್ನೊಂದು ರೌಟರ್ ಕೊಳ್ಳಬೇಡಿ, ಬೇಕಾಗಿರೋದು ಸ್ವಿಚ್. ರೌಟರ್ ಐಪಿ ಅಡ್ರೆಸ್ ಹಂಚಿ ಮನೆಯನ್ನು ಇಂಟರ್ನೆಟ್ಟಿಗೆ ಸೇರಿಸುತ್ತೆ. ಸ್ವಿಚ್ ನಮ್ಮ ಸೊಸೈಟಿ ವಾಚ್‌ಮನ್ ತರ: ಯಾವ ಪೋರ್ಟ್‌ನಲ್ಲಿ ಯಾರಿದ್ದಾರೆ ಅಂತ ಮ್ಯಾಕ್ ಅಡ್ರೆಸ್ ನೋಡಿ ನೆನಪಿಟ್ಟುಕೊಂಡು, ಪಾರ್ಸೆಲ್ಲನ್ನು ಆ ಬಾಗಿಲಿಗೇ ಕಳಿಸುತ್ತೆ. ಸೆಟ್ಟಿಂಗ್ ಏನೂ ಬೇಡ. ರೌಟರ್‌ನಿಂದ ಒಂದು ಕೇಬಲ್ ಎಳೆದು 8 ಪೋರ್ಟಿನ ಸ್ವಿಚ್‌ಗೆ ಹಾಕಿದ್ರೆ, ರೌಟರ್‌ನಲ್ಲಿ 3, ಸ್ವಿಚ್‌ನಲ್ಲಿ 7, ಒಟ್ಟು 10 ಪೋರ್ಟ್ ಸಿಗುತ್ತೆ. ಆ ಒಂದೇ ಕೇಬಲ್ ಮೇಲೆ ಏಳೂ ಸಾಧನಗಳ ಇಂಟರ್ನೆಟ್ ಹೋಗಬೇಕು, ಆದ್ದರಿಂದ ಗಿಗಾಬಿಟ್ ಸ್ವಿಚ್ಚನ್ನೇ ತಗೊಳ್ಳಿ.

ಹಳೇ ರೌಟರ್ ಮೂಲೇಲಿ ಬಿದ್ದಿದ್ರೆ ಅದೂ ಆಗುತ್ತೆ. ಅದರ ಐಪಿ ಬದಲಿಸಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ವ್ಯಾನ್ ಪೋರ್ಟ್ ಬಿಟ್ಟು ಲ್ಯಾನ್ ಪೋರ್ಟ್‌ಗೆ ಹಾಕಿ.

ಈಗ ಕೇಬಲ್. ಜನ ಎಡವೋದು ಇಲ್ಲೇ. ಒಳಗೆ 8 ತಂತಿ, 4 ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ನಿಮ್ಮ ಪ್ಲಾನ್ 200 ಇದ್ದು ಸ್ಪೀಡ್ ಟೆಸ್ಟ್ ಪ್ರತಿಸಲ 95ರ ಹತ್ತಿರ ನಿಂತರೆ, ಕಂಪನಿಗೆ ಫೋನ್ ಮಾಡೋ ಮೊದಲು ಕೇಬಲ್ ಬದಲಿಸಿ ನೋಡಿ. ಎಲ್ಲೋ ಒಂದು ತಂತಿ ಕೈಕೊಟ್ಟಿರಬಹುದು. ಲ್ಯಾಮಿಂಗ್ಟನ್ ರೋಡ್‌ಗೆ ಹೋದ್ರೆ ಅಪ್ಪಟ ತಾಮ್ರದ ಕ್ಯಾಟ್ 6 ಅಂತಲೇ ಕೇಳಿ. ಸಿಸಿಎ ಅಂದ್ರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಬ್ಲೇಡಿನಿಂದ ಕೆರೆದ್ರೆ ಒಳಗೆ ಬೆಳ್ಳಗೆ ಕಾಣುತ್ತೆ. ಬಗ್ಗಿಸಿದ್ರೆ ಬೇಗ ಮುರಿಯುತ್ತೆ. ಕಿಟಕಿ ಹೊರಗಿಂದ ಎಳೀಬೇಡಿ: ಬಿಸಿಲು ಮಳೆಗೆ ಸಾದಾ ಕೇಬಲ್ಲಿನ ಹೊದಿಕೆ ಸೀಳುತ್ತೆ, ಸಿಡಿಲಿನ ಭಯ ಬೇರೆ.

ಒಂದೇ ಕೇಬಲ್ಲಿನ ಎರಡೂ ತುದಿ ಅದೇ ಸ್ವಿಚ್‌ಗೆ ಸೇರದಂತೆ ನೋಡಿಕೊಳ್ಳಿ. ಪ್ಯಾಕೆಟ್‌ಗಳು ಸುತ್ತುತ್ತಾ ಸುತ್ತುತ್ತಾ ಇಡೀ ಮನೆ ನೆಟ್‌ವರ್ಕ್ ಮಲಗುತ್ತೆ, ದೀಪಗಳು ಮಾತ್ರ ದೀಪಾವಳಿ ತರ ಮಿನುಗ್ತಿರುತ್ತೆ.

ಕೊನೇದು, ಕರೆಂಟ್. ರೌಟರ್‌ಗೆ ಮಿನಿ ಯುಪಿಎಸ್ ಕೊಟ್ಟು ಸ್ವಿಚ್ ಮರೆತರೆ ಪ್ರಯೋಜನವಿಲ್ಲ. ಆದ್ರೆ ಅಡಾಪ್ಟರ್ ಮೇಲೆ ಬರೆದಿರೋದನ್ನ ಓದಿ: ಎಷ್ಟೋ ರೌಟರ್‌ಗಳು 12 ವೋಲ್ಟ್, ಸಣ್ಣ ಸ್ವಿಚ್‌ಗಳು ಹೆಚ್ಚಾಗಿ 5 ವೋಲ್ಟ್. ಪಿನ್ ಕೂರುತ್ತೆ ಅಂತ ಅದನ್ನ ಇದಕ್ಕೆ ಚುಚ್ಚಬೇಡಿ.