ಮೊದಲ ತಿರುವಿನಲ್ಲಿ ತಾಳ ತಪ್ಪುವ ಪೆಟ್ಟಿಗೆ

ಬೆಲ್ಜಿಯಂನ ಸ್ಪಾ-ಫ್ರಾಂಕೋರ್‌ಶಾಂ ರೇಸ್ ಟ್ರ್ಯಾಕಿನ ಉದ್ದ 7 ಕಿಲೋಮೀಟರ್. ರೇಸು ಶುರುವಾದ ಕೆಲವೇ ಸೆಕೆಂಡಿಗೆ ಎದುರಾಗುವುದು ಲಾ ಸೋರ್ಸ್, ನಮ್ಮ ಆಗುಂಬೆ ಘಾಟಿಯಲ್ಲಿ ಸಿಗುವಂಥದೇ ಹೇರ್‌ಪಿನ್ ತಿರುವು. ಇಪ್ಪತ್ತು ಕಾರುಗಳು ಒಟ್ಟಿಗೆ ಅಲ್ಲಿಗೆ ನುಗ್ಗುತ್ತವೆ. ಮೈಸೂರಿನ ಕುವೆಂಪುನಗರದ ಮಹಡಿ ಕೋಣೆಯೊಂದರಲ್ಲಿ ಕೂತು ನನ್ನ ಅಕ್ಕನ ಮಗನೂ ದಿನಾ ರಾತ್ರಿ ನುಗ್ಗುತ್ತಾನೆ. ಅವನು ಬ್ರೇಕ್ ಒತ್ತುವ ಹೊತ್ತಿಗೆ ಸರಿಯಾಗಿ ಪರದೆ ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ಚಿತ್ರ ಅಲ್ಲಾಡಿದಾಗ ಅವನ ಕಾರಿನ ಮೂತಿ ಮುಂದಿನವನ ಬೆನ್ನೊಳಗೆ.

‘ಒಬ್ನೇ ಓಡ್ಸೋವಾಗ ಏನೂ ತೊಂದ್ರೆ ಇಲ್ಲ ಮಾಮ. ರೇಸ್ ಇಟ್ರೆ ಮಾತ್ರ ಮೊದಲ್ನೇ ಟರ್ನಲ್ಲೇ ಹಿಂಗಾಗತ್ತೆ. ಗ್ರಾಫಿಕ್ಸ್ ಕಾರ್ಡು ಇನ್ನೂ ದೊಡ್ಡದು ತಗೋಬೇಕಿತ್ತೇನೋ.’

ಕಾರ್ಡು ಚಿಕ್ಕದೇನೂ ಆಗಿರಲಿಲ್ಲ. 16 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 4070 ಟಿಐ ಸೂಪರ್. ಕೈಲಿದ್ದ ದುಡ್ಡನ್ನೆಲ್ಲ ಅದಕ್ಕೇ ಸುರಿದು, ತಂದು ಒಂದು ಹಳೆಯ ಪಿಸಿಯೊಳಗೆ ತುರುಕಿದ್ದ. ಆಟ ಅಸೆಟ್ಟೊ ಕೊರ್ಸಾ, ಇಟಲಿಯ ಕುನೋಸ್ ಸಿಮ್ಯುಲಾಜಿಯೋನಿಯವರು 2014ರಲ್ಲಿ ಹೊರತಂದದ್ದು. ನಾನು ಅವನ ಹಿಂದೆ ನಿಂತು ನೋಡುತ್ತಿದ್ದೆ. ಲಾ ಸೋರ್ಸ್ ಬಂತು, ಚಿತ್ರ ತಡವರಿಸಿತು, ಜೊತೆಗೇ ಪರದೆಯಲ್ಲಿ ಒಂದು ಸಣ್ಣ ಎಚ್ಚರಿಕೆ ಮೂಡಿ ಮಾಯವಾಯಿತು: ಸಿಪಿಯು ಶೇ. 99ಕ್ಕಿಂತ ಹೆಚ್ಚು ತುಂಬಿಹೋಗಿದೆ ಎಂದು. ಯಂತ್ರ ತನ್ನ ನೋವನ್ನು ತಾನೇ ಬಾಯಿಬಿಟ್ಟು ಹೇಳುತ್ತಿತ್ತು. ಇವನು ತಿಂಗಳುಗಟ್ಟಲೆ ಅದನ್ನು ಓದಿಯೇ ಇರಲಿಲ್ಲ.

ಹೀಗೆ ಸಿಮ್ಯುಲೇಟರಿನಲ್ಲಿ ಓಡಿಸುವ ಸಿಮ್ ರೇಸಿಂಗ್ ಅಂದರೆ ಹುಡುಗಾಟದ ಕಾರ್ ಗೇಮಲ್ಲವೇ ಎನ್ನುವವರಿಗೆ ಒಂದು ಸಂಗತಿ. ಆಗಿನ ಫಾರ್ಮುಲಾ ಒನ್ ಚಾಂಪಿಯನ್ ಮ್ಯಾಕ್ಸ್ ವರ್ಸ್ಟಾಪನ್ 2024ರ ಮೇ ತಿಂಗಳಲ್ಲಿ ಇಟಲಿಯ ಇಮೊಲಾದಲ್ಲಿ ನಿಜವಾದ ರೇಸ್ ಗೆದ್ದ ದಿನವೇ, ಐರೇಸಿಂಗ್ ಎಂಬ ಸಿಮ್ಯುಲೇಟರಿನಲ್ಲಿ ನಡೆದ ನೂರ್‌ಬರ್ಗ್‌ರಿಂಗ್ 24 ಗಂಟೆ ರೇಸನ್ನು ಅವನ ತಂಡವೇ ಗೆದ್ದಿತ್ತು. ಅದರಲ್ಲೂ ಅವನು ತನ್ನ ಪಾಳಿ ಓಡಿಸಿದ್ದ.

ನಿಜವಾದ ಕಾರಿನಲ್ಲಿ ಹಿಂಬದಿ ಚಕ್ರ ಜಾರುವುದು ಮೊದಲು ಗೊತ್ತಾಗುವುದು ಸೊಂಟಕ್ಕೆ. ಸೀಟು ಅದನ್ನು ಹೇಳುತ್ತದೆ. ಕೋಣೆಯಲ್ಲಿ ಕೂತವನ ಸೀಟು ಅಲ್ಲಾಡುವುದಿಲ್ಲ. ಅವನಿಗಿರುವುದು ಕಣ್ಣು, ಕಿವಿ, ಸ್ಟೀರಿಂಗ್ ಹಿಡಿದ ಎರಡು ಕೈ. ಇವಕ್ಕೆ ಸುದ್ದಿ ತಡವಾಗಿ ಮುಟ್ಟಿದರೆ ಕಾರು ಹೋಯಿತೆಂದೇ ಅರ್ಥ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 55 ಮೀಟರಿಗೂ ಹೆಚ್ಚು ಸಾಗುತ್ತದೆ. ಪರದೆಗೆ ಸೆಕೆಂಡಿಗೆ 60 ಚಿತ್ರ ಬಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಕಾರು ಸುಮಾರು 93 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 120 ಚಿತ್ರ ಬಂದರೆ 46. ಅಷ್ಟರಮಟ್ಟಿಗೆ ಚಿತ್ರ ಹೆಚ್ಚಿದ್ದಷ್ಟೂ ಒಳ್ಳೆಯದು, ನಿಜ.

ಆದರೆ ಈ ಸರಾಸರಿ ಲೆಕ್ಕ ದೊಡ್ಡ ಮೋಸಗಾರ. ನೂರು ಚಿತ್ರಗಳಲ್ಲಿ 99 ಚಿತ್ರ ತಲಾ 8 ಮಿಲಿಸೆಕೆಂಡಿಗೆ ಬಂದು, ಒಂದೇ ಒಂದು 80 ಮಿಲಿಸೆಕೆಂಡ್ ತಗೊಂಡಿತು ಅನ್ನಿ. ಸರಾಸರಿ ಹಾಕಿದರೆ ಸೆಕೆಂಡಿಗೆ ಸುಮಾರು 115 ಚಿತ್ರ. ಅಂಗಡಿಯವನು ಎದೆ ತಟ್ಟಿ ಹೇಳಬಹುದಾದ ಅಂಕಿ. ಆ ಒಂದು ಚಿತ್ರಕ್ಕೆ ಕಾಯುವಷ್ಟರಲ್ಲಿ ಕಾರು ಸುಮಾರು ನಾಲ್ಕೂವರೆ ಮೀಟರ್ ಹೋಗಿಬಿಟ್ಟಿರುತ್ತದೆ, ಅಂದರೆ ಹೆಚ್ಚೂಕಡಿಮೆ ತನ್ನ ಉದ್ದದಷ್ಟು. ಮೃದಂಗದವನು ಕಛೇರಿ ಪೂರ್ತಿ ಚೆನ್ನಾಗಿ ನುಡಿಸಿ ಒಂದು ಆವರ್ತದಲ್ಲಿ ಅರ್ಧ ಅಕ್ಷರ ತಪ್ಪಿದರೆ ಸಭೆ ನೆನಪಿಟ್ಟುಕೊಳ್ಳುವುದು ಆ ಅರ್ಧ ಅಕ್ಷರವನ್ನೇ. ಹಾಗಾಗಿ ಸಿಮ್ ರೇಸಿಂಗಿಗೆ ಪಿಸಿ ಜೋಡಿಸುವವರು ನೋಡಬೇಕಾದದ್ದು ಅದು ಎಷ್ಟು ವೇಗವಾಗಿ ಓಡುತ್ತದೆ ಎಂಬುದನ್ನಲ್ಲ, ಅತಿ ಕಷ್ಟದ ಗಳಿಗೆಯಲ್ಲಿ ಎಷ್ಟು ನಿಧಾನವಾಗುತ್ತದೆ ಎಂಬುದನ್ನು. ಆ ಗಳಿಗೆ ಬಹುತೇಕ ಮೊದಲ ತಿರುವೇ.

ಯಾಕೆ ಮೊದಲ ತಿರುವು? ಎಲ್ಲ ಕಾರುಗಳೂ ಕಣ್ಣೆದುರಿಗೆ ಇರುತ್ತವೆ, ಎಲ್ಲವೂ ಒಂದಕ್ಕೊಂದು ತಾಗುವಷ್ಟು ಹತ್ತಿರ. ಅದಕ್ಕಿಂತ ಮುಖ್ಯವಾದದ್ದು ಟೈರು. ಟೈರು ನೆಲಕ್ಕೆ ಕಚ್ಚಿಕೊಳ್ಳುವ ಜಾಗ ನಮ್ಮ ಅಂಗೈಯಗಲ. ಆ ಅಂಗೈಯಗಲದಲ್ಲಿ ಎಷ್ಟು ಭಾರ ಕೂತಿದೆ, ರಬ್ಬರು ಎಷ್ಟು ಬಿಸಿಯಾಗಿದೆ, ಎಷ್ಟು ಜಾರುತ್ತಿದೆ ಎಂಬ ಲೆಕ್ಕವನ್ನು ಐರೇಸಿಂಗ್ ಸೆಕೆಂಡಿಗೆ 360 ಸಲ ಮಾಡುತ್ತದೆ, ಅಸೆಟ್ಟೊ ಕೊರ್ಸಾ 333 ಸಲ. ಕಂಪ್ಯೂಟರೇ ಓಡಿಸುವ ಎದುರಾಳಿ ಕಾರುಗಳಿಗೂ ನಿಮ್ಮ ಪಿಸಿಯೇ ಲೆಕ್ಕ ಹಾಕಬೇಕು. ಇಪ್ಪತ್ತು ಕಾರು, ಎಂಬತ್ತು ಟೈರು, ಸೆಕೆಂಡಿಗೆ 26 ಸಾವಿರಕ್ಕೂ ಹೆಚ್ಚು ಟೈರ್‌ಲೆಕ್ಕ. ಅದರ ಮೇಲೆ ಸಸ್ಪೆನ್ಷನ್ನು, ಗಾಳಿಯ ಒತ್ತಡ, ಡಿಕ್ಕಿ. ಇದಿಷ್ಟೂ ಸಿಪಿಯುವಿನ ಕೆಲಸ, ಗ್ರಾಫಿಕ್ಸ್ ಕಾರ್ಡಿನದಲ್ಲ.

ಹಾಗಾದರೆ ಹದಿನಾರು ಕೋರಿನ, ಅಂದರೆ ಹದಿನಾರು ಆಳು ಒಟ್ಟಿಗೆ ದುಡಿಯುವಂಥ ಸಿಪಿಯು ತಂದರಾಯಿತಲ್ಲ? ಆಗುವುದಿಲ್ಲ. ಮದುವೆಮನೆಯ ಅಡುಗೆಗೆ ತರಕಾರಿ ಹೆಚ್ಚಲು ನಲವತ್ತು ಜನ ಕೂತರೆ ನಲವತ್ತು ಪಾಲು ಬೇಗ ಮುಗಿಯುತ್ತದೆ. ಒಬ್ಬರು ಹೆಚ್ಚುವ ಬದನೆಕಾಯಿಗೂ ಇನ್ನೊಬ್ಬರ ಕುಂಬಳಕಾಯಿಗೂ ಸಂಬಂಧವಿಲ್ಲ. ಒಗ್ಗರಣೆ ಹಾಗಲ್ಲ. ಎಣ್ಣೆ ಕಾಯಬೇಕು, ಸಾಸಿವೆ ಸಿಡಿಯಬೇಕು, ಆಮೇಲೆ ಕರಿಬೇವು. ನಾಲ್ಕು ಭಟ್ಟರು ಬಂದು ನಿಂತರೂ ಸಾಸಿವೆ ಬೇಗ ಸಿಡಿಯುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನದು ತರಕಾರಿ ಹೆಚ್ಚುವ ಕೆಲಸ. ಅಕ್ಕನ ಮಗನ ಕಾರ್ಡಿನಲ್ಲೇ 8,448 ಪುಟ್ಟ ಕೋರುಗಳಿವೆ, ಪರದೆಯ ಚುಕ್ಕಿಗಳನ್ನು ಹಂಚಿಕೊಂಡು ಬಣ್ಣ ತುಂಬುತ್ತವೆ. ಕಾರಿನ ಚಲನೆಯ ಲೆಕ್ಕ ಒಗ್ಗರಣೆ. ಈ ಮೂರು ಮಿಲಿಸೆಕೆಂಡಿನ ಉತ್ತರ ಸಿಕ್ಕದೆ ಮುಂದಿನ ಮೂರರ ಪ್ರಶ್ನೆಯೇ ಹುಟ್ಟುವುದಿಲ್ಲ. ಕೆಲಸದಲ್ಲಿ ಹಂಚಲಾಗದ ಪಾಲು ಇರುವ ತನಕ ಆಳು ಹೆಚ್ಚಿಸಿದಷ್ಟೂ ಲಾಭ ಸಿಗದು ಎಂದು ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ವಿಜ್ಞಾನಿ 1967ರಲ್ಲೇ ಹೇಳಿದ್ದರು. ಎಂಟು ಒಳ್ಳೆಯ ಕೋರು ಸಾಕು, ಧಾರಾಳವಾಯಿತು.

ಇನ್ನು ಒಗ್ಗರಣೆ ಹಾಕುವವನಿಗೆ ಬೇಕಾದದ್ದು ಏನು? ಕೈಗೆಟಕುವ ಸಾಸಿವೆ ಡಬ್ಬಿ. ಅದಕ್ಕಾಗಿ ಪ್ರತಿಸಲ ಉಗ್ರಾಣಕ್ಕೆ ಎದ್ದು ಹೋಗಬೇಕಾದರೆ ಎಣ್ಣೆ ಹೊಗೆಯಾಡುತ್ತದೆ. ಸಿಪಿಯುವಿಗೆ ಉಗ್ರಾಣ ಅಂದರೆ ರ‍್ಯಾಮ್. ಅಲ್ಲಿಂದ ಒಂದು ಅಂಕಿ ತರಲು ಸಾಧಾರಣ 70-80 ನ್ಯಾನೋಸೆಕೆಂಡ್ ಹಿಡಿಯುತ್ತದೆ. ಚಿಪ್ಪಿನೊಳಗೇ ಇರುವ ಕ್ಯಾಶ್ ಎಂಬ ಡಬ್ಬಿಯಿಂದ ತರಲು ಅದರ ಏಳೆಂಟನೇ ಒಂದು ಪಾಲು ಹೊತ್ತು ಸಾಕು. ಎಎಂಡಿ ಕಂಪನಿ 2022ರಲ್ಲಿ ಮಾಡಿದ ಜಾಣತನ ಇಷ್ಟೇ: ರೈಜೆನ್ 7 5800ಎಕ್ಸ್‌3ಡಿ ಎಂಬ ಚಿಪ್ಪಿನಲ್ಲಿದ್ದ 32 ಎಂಬಿ ಕ್ಯಾಶಿನ ಮೇಲೆ ಕಿರುಬೆರಳಿನ ಉಗುರಿನಷ್ಟೂ ಇಲ್ಲದ ಇನ್ನೊಂದು ಸಿಲಿಕಾನ್ ಬಿಲ್ಲೆಯನ್ನು ಅಂಟಿಸಿ 64 ಎಂಬಿ ಸೇರಿಸಿದರು. ಒಟ್ಟು 96. ಮರುವರ್ಷ ಬಂದ 7800ಎಕ್ಸ್‌3ಡಿ ಕೂಡ ಹೀಗೇ. ಅದರ ಗಡಿಯಾರದ ವೇಗ ಹೆಚ್ಚೆಂದರೆ 5 ಗಿಗಾಹರ್ಟ್ಸ್, ಅದೇ ಮನೆತನದ 7700ಎಕ್ಸ್‌ನದು 5.4. ಕಾಗದದ ಮೇಲೆ ನಿಧಾನದ ಚಿಪ್ಪು. ಎಂಬತ್ತು ಟೈರಿನ ಅಂಕಿಗಳನ್ನು ಕೈಯಳತೆಯಲ್ಲೇ ಇಟ್ಟುಕೊಳ್ಳುವುದರಿಂದ ರೇಸಿಂಗ್ ಸಿಮ್ಯುಲೇಟರಿನಲ್ಲಿ ಅದೇ ಮುಂದು. ಮೇಲೆ ಕೂತ ಬಿಲ್ಲೆ ಕೆಳಗಿನ ಕೋರುಗಳ ಬಿಸಿಗೆ ಕಂಬಳಿ ಹೊದಿಸಿದಂತಾಗುತ್ತಿತ್ತು. 2024ರ 9800ಎಕ್ಸ್‌3ಡಿಯಲ್ಲಿ ಬಿಲ್ಲೆಯನ್ನು ಕೆಳಗೆ ಹಾಕಿ ಕೋರುಗಳನ್ನು ಮೇಲಕ್ಕೆ ತಂದರು. ನೋಡಲು ಸಣ್ಣ ಬದಲಾವಣೆ, ನನಗಂತೂ ಬಹಳ ಹಿಡಿಸಿದ ಬದಲಾವಣೆ.

ನಾವು ಆರಿಸಿದ್ದು 7800ಎಕ್ಸ್‌3ಡಿ. ಕಾರ್ಡು ಹಳೆಯದೇ ಇರಲಿ, ಉಳಿದದ್ದೆಲ್ಲ ಹೊಸದು ಎಂದು ತೀರ್ಮಾನಿಸಿ ಒಂದು ಶನಿವಾರ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದೆವು. ಮೊದಲ ಅಂಗಡಿಯಲ್ಲೇ ಕಾರ್ಡಿನಿಂದ ಮಾತು ಶುರು. ನನ್ನ ಅಭಿಪ್ರಾಯದಲ್ಲಿ ಕಾರ್ಡನ್ನು ಕಾರ್ಡು ನೋಡಿ ಆರಿಸಬಾರದು, ಪರದೆ ನೋಡಿ ಆರಿಸಬೇಕು. 27 ಇಂಚಿನ ಒಂದು ಮಾನಿಟರು 70 ಸೆಂಟಿಮೀಟರ್ ದೂರದಲ್ಲಿದ್ದರೆ ಕಣ್ಣಿಗೆ ತುಂಬುವುದು ಸುಮಾರು 46 ಡಿಗ್ರಿ. ಪಕ್ಕದಲ್ಲಿ ಬಂದ ಕಾರು ಅದರಲ್ಲಿ ಕಾಣುವುದೇ ಇಲ್ಲ. ಮೂರು ಮಾನಿಟರನ್ನು ಕಮಾನಿನ ಹಾಗೆ ಬಾಗಿಸಿ ಇಟ್ಟರೆ 138 ಡಿಗ್ರಿ. ಅಕ್ಕನ ಮಗನ ಹತ್ತಿರ ಅಂಥ ಮೂರಿದ್ದವು, ತಲಾ 2560 ಅಡ್ಡ, 1440 ಉದ್ದ. ಗುಣಿಸಿ ನೋಡಿ: ಒಂದು ಕೋಟಿ ಹತ್ತು ಲಕ್ಷ ಚುಕ್ಕಿ. ಒಂದು 4ಕೆ ಪರದೆಯಲ್ಲಿರುವುದು 83 ಲಕ್ಷ. ಜೊತೆಗೆ ಮೂರು ಪರದೆಗಳ ಕೋನ ಬೇರೆಬೇರೆ ಆದ್ದರಿಂದ ದೃಶ್ಯವನ್ನು ಮೂರು ಸಲ ಬರೆಯಬೇಕು, ಪ್ರತಿಸಲವೂ ಏನನ್ನು ಬರೆಯಬೇಕೆಂಬ ಪಟ್ಟಿ ಕೊಡುವುದು ಮತ್ತೆ ಸಿಪಿಯುವೇ. ಕನ್ನಡಿಗಳದು ನಾಲ್ಕನೆಯ ಬಾಬ್ತು. ಹಿಂದೆ ಕಾಣುವ ಲೋಕವನ್ನು ಅಷ್ಟಗಲದ ಕನ್ನಡಿಗಾಗಿ ಹೊಸದಾಗಿಯೇ ಬರೆಯಬೇಕು. ಇವನು ಹೊರೆ ಕಡಿಮೆಯಾಗಲೆಂದು ಕನ್ನಡಿಗಳನ್ನೇ ತೆಗೆದುಬಿಟ್ಟಿದ್ದ! ಘಾಟಿಯಲ್ಲಿ ಬಸ್ಸು ಹಗುರಾಗಲಿ ಅಂತ ಕಿಟಕಿ ಕಿತ್ತ ಹಾಗೆ.

ಮೂರು ಪರದೆಗೆ 16 ಜಿಬಿಯ ಆ ಕಾರ್ಡು ಸರಿಯಾದ ಆಯ್ಕೆಯೇ. ಒಂದೇ 1080ಪಿ ಪರದೆ ಇಟ್ಟುಕೊಂಡವನಿಗೆ ಅದು ಸುಮ್ಮನೆ ದುಂದು. ವಿಆರ್ ಕನ್ನಡಕ ಹಾಕುವವರು ಮಾತ್ರ ಇನ್ನೂ ಎಚ್ಚರವಾಗಿರಬೇಕು. ಅಲ್ಲಿ ಸೆಕೆಂಡಿಗೆ 90 ಚಿತ್ರದ ತಾಳ ತಪ್ಪಿದರೆ ರೇಸಿನ ಜೊತೆ ರಾತ್ರಿಯ ಊಟವೂ ಹೊರಗೆ ಬರಬಹುದು.

ರ‍್ಯಾಮ್ 32 ಜಿಬಿ, ಡಿಡಿಆರ್5, 16ರ ಎರಡು ಪಟ್ಟಿ. ನಾಲ್ಕು ಪಟ್ಟಿ ಹಾಕಿದರೆ ಈ ಚಿಪ್ಪಿನ ಬೋರ್ಡುಗಳಲ್ಲಿ ವೇಗ ಇಳಿಯುತ್ತದೆ. ಗಣೇಶನ ಪೆಂಡಾಲಿನಂತೆ ಬಣ್ಣ ಮಿಣುಕುವ ಪಟ್ಟಿ ಬೇಕೆಂದ, ಬೇಡವೆಂದೆ, ಕೊನೆಗೆ ಅದೇ ಬಂತು. ಎಸ್‌ಎಸ್‌ಡಿ 1 ಟಿಬಿ. ಟ್ರ್ಯಾಕು ಬೇಗ ತೆರೆದುಕೊಳ್ಳಲಿಕ್ಕಷ್ಟೇ ಅದು, ಓಟಕ್ಕೆ ಅದರಿಂದ ಏನೂ ಕೂಡುವುದಿಲ್ಲ.

ಮದರ್‌ಬೋರ್ಡಿನ ಬಗ್ಗೆ ಯಾರೂ ಹೇಳದ ಮಾತೊಂದಿದೆ. ಅದನ್ನು ತಿರುಗಿಸಿ ಹಿಂದಿನ ಯುಎಸ್‌ಬಿ ತೂತುಗಳನ್ನು ಎಣಿಸಿ. ಸ್ಟೀರಿಂಗಿಗೊಂದು, ಪೆಡಲಿಗೊಂದು, ಗೇರಿಗೊಂದು, ಹ್ಯಾಂಡ್‌ಬ್ರೇಕಿಗೊಂದು. ಕೀಬೋರ್ಡು, ಮೌಸು, ಹೆಡ್‌ಫೋನು ಬೇರೆ. ನಮ್ಮ ಸ್ಟೀರಿಂಗು ಡೈರೆಕ್ಟ್ ಡ್ರೈವ್. ನಡುವೆ ಹಲ್ಲು, ಬೆಲ್ಟು ಇಲ್ಲದೆ ಮೋಟಾರಿನ ದಂಡಕ್ಕೇ ಚಕ್ರ ಕೂರಿಸಿದ್ದು. 8 ನ್ಯೂಟನ್-ಮೀಟರ್ ಬಲ, ಅಂದರೆ ಚಕ್ರದ ಅಂಚಿಗೆ ಐದು ಕಿಲೋ ಅಕ್ಕಿ ಚೀಲ ನೇತುಬಿಟ್ಟಷ್ಟು. ಅಂಥ ಮೋಟಾರು ಕರೆಂಟನ್ನು ಎಳೆದು ಬಿಡುವಾಗ ಹುಟ್ಟುವ ವಿದ್ಯುತ್ ಗದ್ದಲ ಪಕ್ಕದಲ್ಲೇ ಹಾದ ಯುಎಸ್‌ಬಿ ತಂತಿಗೆ ತಗಲಿದರೆ ತಿರುವಿನ ನಡುವೆ ಪೆಡಲು ಸತ್ತುಹೋಗುತ್ತದೆ. ನಮಗೂ ಹಾಗೇ ಆಯಿತು. ಮೋಟಾರಿನ ತಂತಿಯನ್ನು ಎಡಕ್ಕೆ, ಪೆಡಲಿನದನ್ನು ಬಲಕ್ಕೆ ಕಟ್ಟಿ, ವಿಂಡೋಸಿನಲ್ಲಿ ಯುಎಸ್‌ಬಿಯನ್ನು ನಿದ್ದೆಗೆ ಕಳಿಸುವ ಸೆಟ್ಟಿಂಗ್ ಆಫ್ ಮಾಡಿದ ಮೇಲೆ ನಿಂತಿತು.

ಪವರ್ ಸಪ್ಲೈ 750 ವಾಟಿನದು. ಕಾರ್ಡಿಗೆ 285 ವಾಟ್, ಸಿಪಿಯುವಿಗೆ 120 ಎಂದಿದ್ದರೂ ಕಾರ್ಡು ಕ್ಷಣಮಾತ್ರಕ್ಕೆ ಅದಕ್ಕಿಂತ ಹೆಚ್ಚು ಎಳೆಯುವುದುಂಟು. ನಮ್ಮ ಮನೆಗಳ ಸಮಸ್ಯೆ ಬೇರೆ: ಇನ್ವರ್ಟರು. ಸ್ಕ್ವೇರ್ ವೇವ್ ಇನ್ವರ್ಟರಿನ ಚೌಕಟ್ಟಾದ ಅಲೆ ಇಂದಿನ ಒಳ್ಳೆಯ ಪವರ್ ಸಪ್ಲೈಗಳಿಗೆ ಒಗ್ಗದೆ, ಕರೆಂಟು ಹೋದ ಕೂಡಲೇ ಪಿಸಿ ಆರಿಹೋಗಬಹುದು. ಸೈನ್ ವೇವ್ ಕೇಳಿ ತಗೊಳ್ಳಿ. ಸ್ಟೀರಿಂಗಿನ ಅಡಾಪ್ಟರನ್ನೂ ಅದೇ ಸಾಲಿಗೆ ಹಾಕಿ. ಪಿಸಿ ಬದುಕಿ ಚಕ್ರ ಮಾತ್ರ ಸತ್ತರೆ ಗತಿ ಏನು?

ಜೋಡಿಸುವ ಕೆಲಸ ಅವನದೇ. ಮೆದುವಾದ ಕ್ಲಿಕ್ ಸದ್ದಿನೊಂದಿಗೆ ಸಾಕೆಟ್ಟಿನ ಮುಚ್ಚಳ ಹಾರಿತು. ಹುಣಸೆಬೀಜದಷ್ಟು ಥರ್ಮಲ್ ಪೇಸ್ಟು ಹಾಕು ಎನ್ನುವುದರೊಳಗೆ ಟ್ಯೂಬಿನ ಅರ್ಧ ಹಿಂಡಿಬಿಟ್ಟಿದ್ದ, ಒರೆಸಿ ಮತ್ತೆ ಹಾಕಿದೆವು. ರಾತ್ರಿ ಹತ್ತಕ್ಕೆ ಸ್ಪಾ, ಇಪ್ಪತ್ತು ಕಾರು, ಮೂರು ಪರದೆ, ಕನ್ನಡಿ ಮೂರೂ ಹಾಕಿದ್ದ. ಮೊದಲು ಜಾಲಿಬೇಲಿಯಂತೆ ಮುಳ್ಳುಮುಳ್ಳಾಗಿ ಏಳುತ್ತಿದ್ದ, ಒಂದೊಂದು ಚಿತ್ರಕ್ಕೂ ಹಿಡಿದ ಸಮಯ ತೋರಿಸುವ ಗೀಟು ಈಗ ಗದ್ದೆಯ ಬದುವಿನ ಹಾಗೆ ಮಟ್ಟಸವಾಗಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಲಾ ಸೋರ್ಸ್ ಬಂತು. ಇವನ ಕಾರು ತಟ್ಟನೆ ಗಿರಗಿರ ತಿರುಗಿ ಹುಲ್ಲಿಗೆ ಬಿತ್ತು.

‘ಮತ್ತೇನಾಯ್ತೋ?’

‘ಹಿಂದಿನೋನು ಗುದ್ದಿದ ಮಾಮ. ಬರ‍್ತಾ ಇದ್ದಿದ್ದು ಕನ್ನಡೀಲಿ ಕಾಣಿಸ್ತು ಈ ಸಲ.’