ಕೊಟ್ಟು ಕೊಳ್ಳುವ ಮಾತು

ನಮ್ಮ ಜಿಲ್ಲೆಯ ತಾಲೂಕು ಊರುಗಳಲ್ಲಿ ಇತ್ತೀಚೆಗೆ ಒಂದು ನೋಟವು ಪದೇಪದೇ ಕಣ್ಣಿಗೆ ಬೀಳುತ್ತಲಿದೆ. ಪರಪ್ರಾಂತದಿಂದ ವರ್ಗವಾಗಿ ಬಂದ ತರುಣ ಬ್ಯಾಂಕ ಅಧಿಕಾರಿಯೊಬ್ಬನು, ಪುಸ್ತಕದಿಂದ ಕಲಿತ ನಾಲ್ಕು ಕನ್ನಡ ಶಬ್ದಗಳನ್ನು ಹೇಗೋ ಜೋಡಿಸಿಕೊಂಡು, ಬೆಳೆಸಾಲಕ್ಕೆಂದು ಬಂದ ರೈತನನ್ನು ಮಾತನಾಡಿಸಲು ಯತ್ನಿಸುತ್ತಾನೆ. ಕ್ರಿಯಾಪದವು ತಪ್ಪುತ್ತದೆ, ವಿಭಕ್ತಿಯು ತಪ್ಪುತ್ತದೆ. ಬದಿಯಲ್ಲಿ ನಿಂತ ನಮ್ಮ ಸುಶಿಕ್ಷಿತರೊಬ್ಬರು ಮುಗುಳುನಕ್ಕು, ಸಾಹೇಬರು ತೊಂದರೆ ತಕ್ಕೊಳ್ಳಬಾರದು, ನಮಗೆ ಹಿಂದಿ ತಿಳಿಯುತ್ತದೆ, ಎಂದು ಹಿಂದಿಯಲ್ಲಿಯೇ ಹೇಳಿಬಿಡುತ್ತಾರೆ. ಅಲ್ಲಿಗೆ ಆ ತರುಣನ ಕನ್ನಡವು ಮುಗಿಯಿತು. ಮೂರು ವರ್ಷಗಳ ತರುವಾಯ ಆತನು ಮತ್ತೊಂದು ಊರಿಗೆ ಹೋಗುವಾಗ, 'ಇಷ್ಟು ದಿನ ನಮ್ಮ ಅನ್ನ ಉಂಡರೂ ಕನ್ನಡ ಕಲಿಯಲಿಲ್ಲ' ಎಂದು ದೂರುವವರಲ್ಲಿ ಈ ಸುಶಿಕ್ಷಿತರೇ ಮೊದಲಿಗರಾಗಿರುತ್ತಾರೆ.

ಹೊರಗಿನಿಂದ ಬಂದವರು ಕನ್ನಡವನ್ನು ಕಲಿಯತಕ್ಕದ್ದೆಂಬ ವಿಷಯದಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಕಲಿಯುವವನಿಗೆ ಮಾತು ಬೇಕು. ಮಾತಿಗೆ ಇನ್ನೊಬ್ಬನು ಬೇಕು. ಆ ಇನ್ನೊಬ್ಬನು ನಾವೇ. ಈ ನಮ್ಮ ಪಾಲಿನ ಕೆಲಸವನ್ನು ನಾವು ಮಾಡುತ್ತಿರುವೆವೇ ಎಂಬದನ್ನು ಇಂದು ನಮ್ಮ ವಾಚಕರ ಮುಂದಿಡುವೆವು.

ಹಿಂದಿನ ಕಾಲದ ಎರಡು ನಿದರ್ಶನಗಳನ್ನು ನೋಡೋಣ. ಜರ್ಮನಿಯ ಫರ್ಡಿನಂಡ ಕಿಟ್ಟೆಲ್ಲರು 1853 ರಲ್ಲಿ ಬಾಸೆಲ್ ಮಿಶನ್ನಿನವರಾಗಿ ಈ ದೇಶಕ್ಕೆ ಬಂದರು. ಬಂದ ಉದ್ದೇಶವು ಮತಪ್ರಚಾರವಾಗಿದ್ದರೂ, ಅವರು ಧಾರವಾಡ-ಹುಬ್ಬಳ್ಳಿಗಳ ಸೀಮೆಯಲ್ಲಿ ಹಳ್ಳಿಗಳನ್ನು ತಿರುಗಿ, ಜನರೊಡನೆ ಬೆರೆತು, ಅವರ ನಾಲಗೆಯ ಮೇಲಿನ ಶಬ್ದಗಳನ್ನು ಆಯ್ದುಕೊಂಡರು. 1894 ರಲ್ಲಿ ಮಂಗಳೂರಿನಿಂದ ಹೊರಬಿದ್ದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅದರ ಪುಟಗಳಲ್ಲಿ ಹಳಗನ್ನಡ ಕವಿಗಳ ಪ್ರಯೋಗಗಳ ಮಗ್ಗುಲಲ್ಲಿಯೇ ಒಕ್ಕಲಿಗರ ಗಾದೆಗಳು ಕುಳಿತಿವೆ. ಆಗ್ಗೆ 'ದಕ್ಷಿಣ ಮರಾಠಾ ಪ್ರಾಂತ' ಎನ್ನಿಸಿಕೊಳ್ಳುತ್ತಿದ್ದ ನಮ್ಮ ಭಾಗದ ಬಳಕೆಯ ಶಬ್ದಗಳಿಗೆ ಕಿಟ್ಟೆಲ್ಲರು ಬೇರೊಂದು ಗುರುತನ್ನೇ ಇಟ್ಟಿರುವರು. ನಮ್ಮ ಅಜ್ಜ-ಮುತ್ತಜ್ಜಂದಿರು ಆ ಪರದೇಶಸ್ಥನ ಮಾತಿನ ತೊಡಕನ್ನು ಕಂಡು ನಕ್ಕು ಸುಮ್ಮನಾಗಿದ್ದರೆ ಈ ಶಬ್ದಗಳು ಅವರ ಕಿವಿಗೆ ಬೀಳುತ್ತಿದ್ದಿಲ್ಲ. ಆ ನಿಘಂಟಿನಲ್ಲಿ ಹೆಸರಿಲ್ಲದ ಎಷ್ಟೋ ಹಳ್ಳಿಗರ ಪಾಲೂ ಇದೆ.

ಎರಡನೆಯ ನಿದರ್ಶನವು ಸರಕಾರೀ ಅಧಿಕಾರಿಯದು. ಜಾನ್ ಫೇಥಫುಲ್ ಫ್ಲೀಟರು 1867 ರಲ್ಲಿ ಮುಂಬಯಿ ಇಲಾಖೆಯ ನೌಕರಿಗೆ ಬಂದವರು. ಶಾಸನಗಳನ್ನು ಓದಿದವರೆಂದು ಅವರ ಹೆಸರು ಪ್ರಸಿದ್ಧವಾಗಿದೆ. ಆದರೆ ನಮ್ಮ ಹಳ್ಳಿಗರು ಹಾಡುತ್ತಿದ್ದ ಲಾವಣಿಗಳನ್ನು ಅವರು ಕೂಡಿಹಾಕಿ, ಅನುವಾದಸಹಿತವಾಗಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ್ದು ಅಷ್ಟೇ ದೊಡ್ಡ ಕೆಲಸ. ಆ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಬಂಡಾಯವಿದೆ, ಹಲಗಲಿಯ ಬೇಡರ ಕಾಳಗವಿದೆ. ಅಂದರೆ, ತನ್ನ ಸರಕಾರದ ಮೇಲೆ ಕತ್ತಿ ಹಿರಿದವರ ಕೀರ್ತಿಯನ್ನು ಆ ಸರಕಾರದ ಅಧಿಕಾರಿಯೇ ಕೇಳಿ ಬರೆದಿಟ್ಟನು! ಪ್ರಜೆಗಳು ಅರ್ಜಿಯಲ್ಲಿ ಬರೆಯದ ಸಂಗತಿಯನ್ನು ಹಾಡಿನಲ್ಲಿ ಹೇಳುತ್ತಾರೆ. ಅದನ್ನು ಕೇಳಬೇಕಾದರೆ ಅಧಿಕಾರಿಯು ಕಚೇರಿಯ ಮೆಟ್ಟಿಲಿಳಿದು ಬರಬೇಕಾಗುವದು. ನಮ್ಮ ಇಂದಿನ ಅಧಿಕಾರಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಲಿ.

ಪುಸ್ತಕದಲ್ಲಿ ದೊರೆಯದೆ ಮಾತಿನಲ್ಲಿಯೇ ದೊರೆಯುವಂಥದು ಏನಿದೆ ಎಂದು ಕೆಲವರು ಕೇಳಬಹುದು. ಕೇಳಲಿ. ವ್ಯಾಕರಣವನ್ನು ಓದಿದವನು ನೆಂಟರ ಮನೆಯಿಂದ ಹೊರಡುವಾಗ 'ಹೋಗುತ್ತೇನೆ' ಎನ್ನುತ್ತಾನೆ. ವಾಕ್ಯವು ನಿರ್ದುಷ್ಟವಾಗಿದೆ; ಆದರೆ ಮನೆಯ ಹಿರಿಯಳು, 'ಹಂಗ ಅನಬಾರದಪ್ಪಾ, ಬರತೇನ್ರೀ ಅನಬೇಕು' ಎಂದು ತಿದ್ದುತ್ತಾಳೆ. ಹೋಗುವವನು ಬರುವೆನೆಂದೇ ಹೇಳಿ ಹೋಗತಕ್ಕದ್ದೆಂಬ ನಮ್ಮ ಮನೆತನದ ನಡೆಯು ಆ ಒಂದು ತಿದ್ದುಪಡಿಯಲ್ಲಿ ಅವನಿಗೆ ತಿಳಿದುಹೋಗುತ್ತದೆ. ದೀಪವನ್ನು ಆರಿಸೆನ್ನದೆ 'ದೊಡ್ಡದು ಮಾಡು' ಎನ್ನುವದೂ, 'ಊಟ ಆತೇನ್ರೀ?' ಎಂಬುದು ಔತಣದ ಕರೆಯಲ್ಲ, ಕುಶಲಪ್ರಶ್ನೆಯೆಂಬುದೂ ಹೀಗೆಯೇ ತಿಳಿಯತಕ್ಕ ಸಂಗತಿಗಳು. ಪುಸ್ತಕದಲ್ಲಿ 'ಶಾಲೆ' ಎಂದಿರುವದು ನಮ್ಮವರ ಬಾಯಲ್ಲಿ 'ಸಾಲಿ'. 'ಮಗಾ ಸಾಲಿಗೆ ಹೋಗ್ಯಾನ್ರೀ' ಎಂದು ತಾಯಿಯು ಹೇಳಿದರೆ, ಹುಡುಗನು ಸಾಲ ತರಲು ಹೋದನೆಂದು ತಿಳಿಯುವ ಅಧಿಕಾರಿಯಿಂದ ಆ ಮನೆಯ ಯಾವ ಕೆಲಸವಾದೀತು?

ನವಲಗುಂದದ ಎರಿಭೂಮಿಯ ರೈತನು, 'ಹೊಲ ಹರಗೇವ್ರೀ, ಹದಾ ಆದಕೂಡ್ಲೇ ಬಿತ್ತತೇವು' ಎನ್ನುತ್ತಾನೆ. ಈ ಒಂದು ವಾಕ್ಯದಲ್ಲಿ ಆತನ ಇಡೀ ವರ್ಷದ ಜಮಾಖರ್ಚು ಇದೆ. ಹದವೆಂಬುದು ನೆಲದೊಳಗಿನ ತೇವವು ಬಿತ್ತಿಗೆಗೆ ತಕ್ಕಷ್ಟಾಗಿರುವ ಕೆಲವೇ ದಿನಗಳ ಅವಧಿ. ಅದು ತಪ್ಪಿದ ಮೇಲೆ ಮಂಜೂರಾದ ಸಾಲವು ಬೀಜಕ್ಕಾಗದೆ ಬಡ್ಡಿಗಾಗುವದು. ಶಬ್ದಕೋಶದಲ್ಲಿ ಹದಕ್ಕೆ ಅರ್ಥವು ಸಿಕ್ಕೀತು. ಅದರ ಅವಸರವು ಸಿಕ್ಕದು. ಅಧಿಕಾರಿಗೆ ಅದನ್ನು ತಿಳಿಸಬೇಕೆಂದರೆ ಚರಗದ ದಿವಸ ಅವನನ್ನು ಹೊಲಕ್ಕೆ ಕರಕೊಂಡು ಹೋಗಿ, ರೊಟ್ಟಿ-ಗುರೆಳ್ಳು ಚಟ್ನಿಗಳನ್ನು ಮುಂದಿಟ್ಟು ಮಾತನಾಡಿಸಬೇಕು. ಈಗ ಕೈಯೊಳಗಿನ ಮೊಬೈಲ ಯಂತ್ರವೇ ಎಲ್ಲವನ್ನೂ ಭಾಷಾಂತರಿಸಿ ಕೊಡುತ್ತದೆಂದು ಹೇಳುವವರಿದ್ದಾರೆ. ಅದು ಶಬ್ದವನ್ನು ಕೊಡಲಿ, ಬೇಡವೆನ್ನುವದಿಲ್ಲ. ಆದರೆ ಯಂತ್ರದ ಎದುರಿಗೆ ತಪ್ಪಿದವನಿಗೆ ನಾಚಿಕೆಯಿಲ್ಲ, ಸರಿಯಾಗಿ ಆಡಿದವನಿಗೆ ಸ್ನೇಹವಿಲ್ಲ. ಇವೆರಡೂ ಇಲ್ಲದ ಕಲಿಕೆಯು ಬಹುದಿನ ನಿಲ್ಲದು.

ಇನ್ನು ಈ ವ್ಯವಹಾರವು ಒಂದು ಕೈಯದಲ್ಲ, ಎರಡು ಕೈಯದು. ಕೇಳುವವನಿಗೆ ನಮ್ಮ ಮಾತನ್ನು ಕೊಡುವಾಗ ಅವನ ಮಾತಿನಲ್ಲಿ ಅಷ್ಟಿಷ್ಟನ್ನು ನಾವೂ ಕೊಳ್ಳಬೇಕು. ಇದು ನಮ್ಮ ನೆಲಕ್ಕೆ ಹೊಸದೇನಲ್ಲ. ಅಣ್ಣಿಗೇರಿಯು ಆದಿಕವಿ ಪಂಪನ ತಾಯಿಯ ಕಡೆಯ ಊರು. ತಂದೆಯ ಮನೆತನವು ತೆಲುಗು ನಾಡಾದ ವೆಂಗಿಮಂಡಲದ್ದು. ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದು ಆತನು ಕನ್ನಡದ ಮಹಾಕಾವ್ಯವನ್ನು ಬರೆದನು. ಕುರಿಕ್ಯಾಲದ ಬಂಡೆಯ ಮೇಲೆ ಆತನ ತಮ್ಮ ಜಿನವಲ್ಲಭನು ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗುಗಳು ಒಂದೇ ಕಲ್ಲಿನಲ್ಲಿ ನಿಂತಿವೆ. ಶಿಶುನಾಳದ ಇಮಾಮಸಾಹೇಬರ ಮಗ ಶರೀಫರು (1819–1889) ಕಳಸದ ಗೋವಿಂದಭಟ್ಟರ ಪದತಲದಲ್ಲಿ ಕುಳಿತು ಕಲಿತರು. ಅವರ ತತ್ವಪದಗಳನ್ನು ಈ ಸೀಮೆಯಲ್ಲಿ ಯಾವ ಜಾತಿಯ ಮನೆಯಲ್ಲಿ ಹಾಡುವದಿಲ್ಲ? ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದ ರಾಮಚಂದ್ರರಾಯರು ಕೈರಾನಾದ ಅಬ್ದುಲ್ ಕರೀಮಖಾನರಲ್ಲಿ ಹಿಂದುಸ್ಥಾನೀ ಗಾಯನವನ್ನು ಕಲಿತು, ಮರಾಠೀ ರಂಗಭೂಮಿಯ ಮೇಲೆ ಸವಾಯಿ ಗಂಧರ್ವರೆನಿಸಿದರು. ಮರಳಿ ಕುಂದಗೋಳದಲ್ಲಿ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಇವರಂಥ ಶಿಷ್ಯರಿಗೆ ಅದೇ ವಿದ್ಯೆಯನ್ನು ಧಾರೆಯೆರೆದರು. ಇವರಲ್ಲಿ ಯಾರೂ ಪರಭಾಷೆಯ ಸಂಗದಿಂದ ಕನ್ನಡಕ್ಕೆ ಎರವಾದವರಲ್ಲ.

ಪರಭಾಷೆಗೆ ಎಡೆಗೊಟ್ಟರೆ ಕನ್ನಡವು ಮೂಲೆಗೆ ಬೀಳುವದೆಂದು ಭಯಪಡುವವರ ಮಾತನ್ನೂ ನಾವು ಹಗುರಾಗಿ ತೆಗೆದುಹಾಕುವದಿಲ್ಲ. ಆ ಭಯಕ್ಕೆ ಆಧಾರವಿದೆ. ಮುಂಬಯಿ ಇಲಾಖೆಯ ಕಾಲದಲ್ಲಿ ಇಲ್ಲಿಯ ಕನ್ನಡ ಮಕ್ಕಳು ಮರಾಠೀ ಸಾಲೆಗಳಲ್ಲಿ ಕಲಿಯಬೇಕಾಗಿ ಬಂದಿತ್ತು. ಡೆಪ್ಯುಟಿ ಚೆನ್ನಬಸಪ್ಪನವರು ಪಟ್ಟ ಶ್ರಮವೂ, 1890 ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಕಾರ್ಯವೂ ಆ ಸಂಕಟದ ಫಲಗಳೇ. ಆದರೆ ಮೇಲಿನಿಂದ ಹೇರಿದ ಭಾಷೆ ಬೇರೆ, ಎದುರುಬದುರು ಕುಳಿತು ಕೊಟ್ಟುಕೊಂಡ ಭಾಷೆ ಬೇರೆ. ಅದೇ ಧಾರವಾಡದಲ್ಲಿ, ಮನೆಯ ಮಾತು ಮರಾಠಿಯಾಗಿದ್ದ ದ. ರಾ. ಬೇಂದ್ರೆಯವರು ಪೇಟೆಯ, ಜಾತ್ರೆಯ, ಹೆಣ್ಣುಮಕ್ಕಳ ಆಡುಮಾತನ್ನು ಕಿವಿತುಂಬ ಕೇಳಿ ಕನ್ನಡದ ವರಕವಿಗಳಾದರು. 1973 ರ ಜ್ಞಾನಪೀಠ ಪ್ರಶಸ್ತಿಯು 'ನಾಕುತಂತಿ'ಗೆ ಬಂದಿತು. ಹೇರಿಕೆಯು ಕನ್ನಡಿಗನಿಂದ ಕನ್ನಡವನ್ನು ಕಸಿಯಲು ನೋಡಿತು. ಒಡನಾಟವು ಮರಾಠೀ ಮನೆಯಿಂದ ಕನ್ನಡ ಕವಿಯನ್ನು ತಂದುಕೊಟ್ಟಿತು.

ಇಂದು ಹೇರುವವರ ಸ್ಥಾನದಲ್ಲಿ ನಾವೇ ನಿಂತಿರುವ ಒಂದು ಸ್ಥಳವಿದೆ; ಅತ್ತ ಕಣ್ಣು ಹಾಯಿಸುವದು ಅವಶ್ಯ. ಕಲಘಟಗಿ ತಾಲೂಕಿನ ಕಾಡಂಚಿನಲ್ಲಿ ಗೌಳಿಗರ ದಡ್ಡಿಗಳಿವೆ, ಸಿದ್ದಿಗಳ ಮನೆಗಳಿವೆ, ಲಂಬಾಣಿಗರ ತಾಂಡೆಗಳಿವೆ. ಗೌಳಿಗರ ಮನೆಮಾತು ಮರಾಠಿಯ ಒಂದು ಬಗೆ. ಸಿದ್ದಿಗಳದು ಬಹುಮಟ್ಟಿಗೆ ಕೊಂಕಣಿಯನ್ನು ಹೋಲುವಂಥದು. ಲಂಬಾಣಿಗರದು ತಮ್ಮದೇ ಆದ ಗೋರಬೋಲಿ. ತಾಯಿಯನ್ನು 'ಯಾಡಿ' ಎಂದೂ ರೊಟ್ಟಿಯನ್ನು 'ಬಾಟಿ' ಎಂದೂ ಕರೆದು ಬೆಳೆದ ಆರು ವರ್ಷದ ಕೂಸು ಸಾಲೆಯ ಹೊಸ್ತಿಲನ್ನು ದಾಟಿದ ದಿನವೇ ಮೂಕಾಗುತ್ತದೆ. ಮಾಸ್ತರರು ಅದನ್ನು ದಡ್ಡನೆಂದು ಬಗೆದು ಹಿಂದಿನ ಸಾಲಿನಲ್ಲಿ ಕೂಡಿಸುತ್ತಾರೆ. ಕೆಲವು ವರ್ಷಗಳಲ್ಲಿ ಅದು ಸಾಲೆಯನ್ನು ಬಿಟ್ಟು ದನಗಳ ಬೆನ್ನು ಹತ್ತುತ್ತದೆ. ನಮ್ಮ ಮಕ್ಕಳಿಗೆ ಮರಾಠೀ ಸಾಲೆಗಳಲ್ಲಿ ಆದ ಅನ್ಯಾಯಕ್ಕೂ ಇದಕ್ಕೂ ಏನು ಭೇದ? ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಅನುಕೂಲವನ್ನು ಮಾಡಿಕೊಡಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು 1956 ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಹೇಳುತ್ತದೆ. ಅಷ್ಟು ದೊಡ್ಡ ಏರ್ಪಾಡು ಆಗುವ ಮೊದಲು ಮಾಸ್ತರರೊಬ್ಬರೇ ಮಾಡಬಹುದಾದ ಕೆಲಸವೊಂದಿದೆ. 'ಇದಕ್ಕ ನಿಮ್ಮ ಮಾತಿನಾಗ ಏನಂತೀರಿ?' ಎಂದು ಕೂಸನ್ನು ಕೇಳಿ, ಅದು 'ಬಾಟಿ' ಎಂದರೆ ಹಲಗೆಯ ಮೇಲೆ ರೊಟ್ಟಿಯ ಮಗ್ಗುಲಿಗೆ ಬಾಟಿಯನ್ನೂ ಬರೆಯಲಿ. ಐವತ್ತು ಶಬ್ದಗಳನ್ನು ಕೂಸಿನಿಂದ ಕಲಿತ ಮಾಸ್ತರರಿಗೆ ಅದು ಐದುನೂರು ಶಬ್ದಗಳನ್ನು ಮರಳಿ ಒಪ್ಪಿಸುವದು.

ಆದುದರಿಂದ ನಮ್ಮ ಸೂಚನೆಯು ಬಹು ಸಣ್ಣದು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಈ ನಾಲ್ಕೂ ಊರುಗಳ ವಾಚನಾಲಯಗಳಲ್ಲಿ ವಾರಕ್ಕೆ ಒಂದು ತಾಸು ಮಾತಿನ ಕೂಟವು ನಡೆಯಲಿ. ಹೊರಗಿನಿಂದ ಬಂದ ನೌಕರರು, ಊರ ಹಿರಿಯರು, ಹೊಲಮನೆಯವರು ಕೂಡಲಿ. ಮೊದಲಿನ ಅರ್ಧ ತಾಸು ಕನ್ನಡವೇ ಆಗಲಿ. ಉಳಿದ ಅರ್ಧ ತಾಸು ಬಂದವರು ತಮ್ಮ ಭಾಷೆಯನ್ನು, ತಮ್ಮ ಊರ ಹಬ್ಬ-ಊಟ-ಒಕ್ಕಲುತನಗಳ ಸಂಗತಿಯನ್ನು ನಮಗೆ ತಿಳಿಸಲಿ. ತಪ್ಪಿದವರನ್ನು ನಗಬಾರದು; ತಪ್ಪಿದ ವಾಕ್ಯವನ್ನು ಸರಿಯಾಗಿ ಒಮ್ಮೆ ನಾವಾಡಿ ತೋರಿಸಿದರೆ ಸಾಕು. ನವಲಗುಂದದಲ್ಲಿ ಜಮಖಾನೆಗಳನ್ನು ನೇಯುವ ಮುಸಲ್ಮಾನ ಹೆಣ್ಣುಮಕ್ಕಳ ಮನೆಮಾತು ಉರ್ದು. ಅವರ ನೇಯ್ಗೆಯ ಹೆಸರು ದೂರದೂರಕ್ಕೆ ಹೋಗಿದೆ. ಅವರ ಬಳಿ ಕುಳಿತು ಆ ನೇಯ್ಗೆಯ ಶಬ್ದಗಳನ್ನು ಕೇಳಿಕೊಂಡ ಕನ್ನಡಿಗರು ಊರೊಳಗೇ ಎಷ್ಟು ಮಂದಿ? ಅವರಿಗೂ ಕೂಟದಲ್ಲಿ ಚಾಪೆ ಹಾಸೋಣ. ಇದಕ್ಕೆ ಸರಕಾರದ ಹುಕುಮು ಬೇಕಿಲ್ಲ, ಹಣವು ಬೇಕಿಲ್ಲ.

ಮತ್ತು ಕೂಟವು ಆರಂಭವಾಗುವವರೆಗೆ ಕಾಯುವ ಕಾರಣವೂ ಇಲ್ಲ. ನಾಳೆ ಸಂತೆಯಲ್ಲಿಯೋ ಕಚೇರಿಯಲ್ಲಿಯೋ ಒಬ್ಬನು ಹರಕು ಮುರುಕು ಕನ್ನಡದಲ್ಲಿ ನಮ್ಮನ್ನು ಮಾತನಾಡಿಸಿದರೆ, ನಮಗೆ ಎಷ್ಟೇ ಭಾಷೆಗಳು ಬರುತ್ತಿರಲಿ, ಅವನಿಗೆ ಕನ್ನಡದಲ್ಲಿಯೇ ನಿಧಾನವಾಗಿ ಉತ್ತರ ಕೊಡೋಣ. ಅವನು ಹೊರಡುವಾಗ 'ಹೋಗುತ್ತೇನೆ' ಎಂದರೆ ತಿದ್ದೋಣ.